ಕೃಪಾಳ ತೂಕ

ರಾಂಚಿ, ಶುಕ್ರವಾರ

ಅವ್ವಾ, ನಿನಗೆ ಯೇಸುವಿನಲ್ಲಿ ವಂದನೆ.

ಮಿಷನ್ನಿನ ವಿಮಾನ ನೋಡಿದೆ. ನಮ್ಮ ರಾಯದುರ್ಗದ ಆಟೋಗೆ ರೆಕ್ಕೆ ಕಟ್ಟಿದಂತಿದೆ. ಮುಂದಿನ ತಿಂಗಳು ಪಾಪುವಾದ ಬೆಟ್ಟಗಳಿಗೆ ಇಂಥದ್ದರಲ್ಲೇ ನಾವು ಮೂವರೂ ಹೋಗಬೇಕು. ಅಲ್ಲಿ ನಿನ್ನ ಅಳಿಯನಿಗೆ ವಿಮಾನ ರಿಪೇರಿ ಕೆಲಸ.

ಇವತ್ತು ಫಾರಂ ತುಂಬುವಾಗ ಇವರು, “ಕೃಪಾ ಎಷ್ಟು ಕಿಲೊ ಅದಾಳ?” ಎಂದರು. ನೀನು ಕಲಿಸಿದಂತೆ, ದೃಷ್ಟಿಯಾದೀತೆಂದು ಎರಡು ಕಿಲೊ ಕಮ್ಮಿ ಹೇಳಿದೆ. ಬರೆದುಕೊಂಡರು. ಆಮೇಲೆ ಪೈಲಟ್ ಸಾಹೇಬರು ವಿವರಿಸಿದರು: ಬೆಟ್ಟದ ಮೇಲಿನ ರನ್‌ವೇ ಬಹಳ ಗಿಡ್ಡ, ಎಲ್ಲರೂ ಸ್ವಲ್ಪ ಸ್ವಲ್ಪ ಸುಳ್ಳು ಹೇಳಿದರೆ ವಿಮಾನ ಮೇಲೇಳದೆ ಕಣಿವೆಗೆ ಬೀಳುತ್ತದೆ.

“ನಾನು ಖರೇ ಹೇಳಲಿಲ್ರಿ,” ಎಂದೆ. ಇವರು ಬೈಯಲಿಲ್ಲ. ಫಾರಂ ಹರಿದು, ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಎಲ್ಲರೆದುರು ತೂಕ ಗಟ್ಟಿಯಾಗಿ ಓದಿದರು. ನಾನು ಕಿವಿ ಮುಚ್ಚಿಕೊಂಡೆ. ಸಂಜೆಯಿಂದ ಅವಳಿಗೆ ಕೆಮ್ಮು. ಔಷಧಿ ಕೊಟ್ಟಿದ್ದೇನೆ.

ನೀನು ಪ್ರಾರ್ಥನೆ ಮಾಡು. ಅವಳ ಹೆಸರಲ್ಲಿ ಉಪ್ಪನ್ನೂ ನಿವಾಳಿಸು. ತೂಕ ಎಷ್ಟೆಂದು ಇದರಲ್ಲಿ ಬರೆಯುವುದಿಲ್ಲ. ಈ ಪೋಸ್ಟ್‌ಕಾರ್ಡು ನಿನ್ನ ಕೈಸೇರುವ ಮೊದಲು ನೀನು ಹೊಲಿಗೆಗೆ ಹೋಗುವ ಜೀನ್ಸ್ ಷೆಡ್ಡಿನವರೆಲ್ಲ ಓದುತ್ತಾರೆ.

ನಿನ್ನ ಸುವಾರ್ತ