ನಾಗವ್ವನ ಕೈಗೆ ಒಪ್ಪುವ ಪ್ಯಾಡ್

11-6-2006, ಭಾನುವಾರ. ಬೆಳಿಗ್ಗೆ

ಎಣ್ಣೆ ತಿಕ್ಕಿದ್ದಾಯಿತು. ಬಲಗೈ. ಬೆರಳು ಒಂದೊಂದಾಗಿ ಬಿಡಿಸಿ, ಮಡಚಿ, ಮತ್ತೆ ಬಿಡಿಸಿ. ನಾಗವ್ವ ಗ್ವಾಡಿ ಕಡೆ ಮುಖ ಮಾಡಿ ಕೂತಿದ್ದಳು. ಲಕ್ವಾ ಹೊಡೆದು ಐದು ತಿಂಗಳಾಯಿತು. ಬಾಯಿ ಎಲ್ಲಕ್ಕಿಂತ ಮೊದಲು ಸರಿಹೋಯಿತು — ನನ್ನ ಹೆಂಡತಿಗೆ ಯಾವುದು ಜರೂರು ಅಂತ ದೇವರಿಗೆ ಗೊತ್ತು. ಕಾಲೂ ಹೆಂಗೋ ಎಳಕೊಂಡು ನಡೀತದೆ. ಕೈ ಮಾತ್ರ...

ಡಾಕ್ಟರು ಹಿಚುಕಲಿಕ್ಕೆ ಕೊಟ್ಟಿದ್ದ ಚೆಂಡನ್ನ ಎಡಗೈಲೆ ಬಾಲ್ಕನಿಯಿಂದ ಒಗೆದಳು. "ನಾ ಏನ ಸಣ್ಣ ಕೂಸೇನ್ರಿ?" ಕೆಳಗಿನ ಮನೆಯವರ ನಾಯಿ ಕಚ್ಚಿಕೊಂಡು ಹೋಯಿತು. ಅದಾದರೂ ಕಸರತ್ತು ಮಾಡಲಿ.

ಸಂಜೆ

ಮಗಳು ಶೈಲಶ್ರೀ ಡ್ರಮ್ ಒರೆಸಲಿಕ್ಕೆ ಹತ್ತಿದ್ದಳು. ವಾರವೆಲ್ಲ ಬ್ಯಾಂಕು, ರಜೆ ಬಂದರೆ ಆರ್ಕೆಸ್ಟ್ರಾ. ಎಲೆಕ್ಟ್ರಾನಿಕ್ ಡ್ರಮ್ಮು — ಕಬ್ಬಿಣದ ಸ್ಟ್ಯಾಂಡಿಗೆ ಕೂಡಿಸಿದ ರಬ್ಬರ್ ಪ್ಯಾಡುಗಳು, ಪಕ್ಕಕ್ಕೊಂದು ಡಬ್ಬಿ. ಪ್ಯಾಡು ಬಡಿದರೆ ಅಲ್ಲಿ ಬರೇ ಟಕ್. ಸಪ್ಪಳೆಲ್ಲ ಡಬ್ಬಿಯಿಂದ ಸ್ಪೀಕರಿಗೆ.

ನಾಗವ್ವ ಬಂದು ಅದರ ಸ್ಟೂಲ್ ಮೇಲೆ ಕೂತಳು. ಎಡಗೈಲೆ ಬಲಗೈ ಎತ್ತಿ ನಡುವಿನ ಪ್ಯಾಡಿನ ಮೇಲಿಟ್ಟಳು. ಕೋಲು ಮುಟ್ಟಲಿಲ್ಲ. ಅಂಗೈ ತುಸುವೇ ಎದ್ದಿತು, ಬಿತ್ತು. ಎದ್ದಿತು, ಬಿತ್ತು.

"ಅವ್ವಾ, ರೊಟ್ಟಿ ಬಡೀಲಿಕ್ಹತ್ತೀ ಏನ?"

"ಮತ್ತೇನ? ಈ ಕೈಗೆ ಬರೂದು ಅದೊಂದ."

ಐದು ತಿಂಗಳಲ್ಲಿ ತಾನಾಗಿ ಕೈ ಎತ್ತಿದ್ದು ಇದೇ ಮೊದಲು! ಆದರೆ ಸ್ಪೀಕರಿನಿಂದ ಏನೂ ಬರಲಿಲ್ಲ. ಎಡಗೈಲೆ ಬಲಗೈ ಎತ್ತಿ ಮಡಿಲಿಗಿಟ್ಟುಕೊಂಡಳು. ಆಮೇಲೆ ಅಂದಳು —

"ಇದಕ್ಕ ನನ್ನ ಕೈ ಕೇಳಸಂಗಿಲ್ಲ."

13-6-2006

ಶೈಲಶ್ರೀ ಆಫೀಸಿಂದ ಬಂದವಳೇ ಡಬ್ಬಿಯೊಳಗೆ ಏನೋ ಏರಿಸಿದಳು. ಸೆನ್ಸಿಟಿವಿಟಿ ಅಂತೆ — ಮೆತ್ತಗೆ ಮುಟ್ಟಿದರೂ ಗೊತ್ತಾಗಬೇಕು ಅಂತ. ನಾಗವ್ವನನ್ನ ಕೂಡಿಸಿ ನಾನೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ.

ಧಡ್!

ಅವಳ ಕೈ! ನಾನು ಅತ್ತೇ ಬಿಟ್ಟೆ. ಪೇಢೆ ತಂದೆ. ಭೋರ್‌ನಲ್ಲಿರೋ ತಂಗಿಗೆ ಕಾರ್ಡು ಬರೆದೆ — ನಿಮ್ಮ ವೈನಿ ಕೈ ಬಂತು ಅಂತ. ನಾಗವ್ವ ಪೇಢೆ ತಿನ್ನಲಿಲ್ಲ. ಸುಸ್ತಾಗಿರಬೇಕು.

14-6-2006

ಚಹಾ ಕುಡಿಯುವಾಗ ಅಂದಳು, "ನಿನ್ನೆ ಬಡದಾಕಿ ನಾ ಅಲ್ಲ."

"ಮತ್ತ್ಯಾರು?"

"ನಿಮ್ಮ ಮೊಣಕಾಲು. ಆಮ್ಯಾಲ ನೀವು ಅಡಗಿಮನಿಗೆ ಎದ್ದು ಹೋದಾಗ ನಾ ಮೂರ ಸರ್ತಿ ಬಡದೆ. ಸಪ್ಪಳಿಲ್ಲ. ನೀವು ಬಂದ ಕೂತ್ರಿ, ಧಡ್ ಅಂತು."

ಎದ್ದು ಹೋಗಿ ಸ್ಟ್ಯಾಂಡಿಗೆ ಮೊಣಕಾಲು ತಾಗಿಸಿದೆ. ಧಡ್. ಮೇಲಿನ ಮನೆಯವರು ಕಲ್ಲಿನಲ್ಲಿ ಶೇಂಗಾ ಕುಟ್ಟಲಿಕ್ಕೆ ಹತ್ತಿದರು. ಇಲ್ಲಿ ಸ್ಪೀಕರಿನಿಂದ ಧಡ್, ಧಡ್.

"ಹಳೇ ಪ್ಯಾಡು, ಅಪ್ಪಾ," ಅಂದಳು ಶೈಲಶ್ರೀ, ತಲೆ ಎತ್ತದೆ. "ಹಿಂಗ ಏರಿಸಿದ್ರ ಇಡೀ ಬಿಲ್ಡಿಂಗ್ ಕೇಳತದ, ಅವ್ವನ ಕೈ ಒಂದ ಬಿಟ್ಟು."

ಕಾರ್ಡು ಇನ್ನೂ ಪೋಸ್ಟಿನ ಡಬ್ಬಿಗೆ ಹಾಕಿರಲಿಲ್ಲ. ಹರಿದೆ.

22-6-2006

ಡ್ರಮ್ಮಿನ ಮೇಲೆ ನಾಗವ್ವ ಚಾದರ ಹೊಚ್ಚಿಸಿದಾಳೆ. ಅತ್ತ ಹಾಯುವುದಿಲ್ಲ. ಎಣ್ಣೆ ತಿಕ್ಕಲಿಕ್ಕೂ ಕೈ ಕೊಡುತ್ತಿಲ್ಲ.

ಕಸರತ್ತಿನ ಡಾಕ್ಟರಮ್ಮ ಬಂದಿದ್ದರು. ಹೊರಗೆ ಕರೆದು ಹೇಳಿದರು: ಕೈ ಬರೋ ಕಾಲ ಇದೇ, ಕಾಕಾ. ಅವರಿಗೇ ಮನಸ್ಸಿಲ್ಲದಿದ್ದರೆ ಈಗ ಬರೋದೂ ಹೋದೀತು.

ಲೋಡ್‌ಶೆಡಿಂಗ್. ಕತ್ತಲಲ್ಲಿ ಕೂತು ಕೇಳಿದೆ, "ಹೊಸಾ ಪ್ಯಾಡ್ ನೋಡೂಣೇನ?"

ನಾಗವ್ವ ಅಂದಳು, "ನಾನs ಬಂದು ನೋಡತೀನಿ. ನಿಮ್ಮ ಕೈಲೆ ನೋಡಿ ತರಬ್ಯಾಡ್ರಿ."

25-6-2006, ಭಾನುವಾರ

ಮೂವರೂ ರಿಕ್ಷಾ ಮಾಡಿಕೊಂಡು ಬುಧವಾರ ಪೇಠ ಬಜಾರಕ್ಕೆ. ವಾದ್ಯದ ಅಂಗಡಿ ಅಟ್ಟದ ಮೇಲೆ. ಮೆಟ್ಟಿಲಿಗೊಮ್ಮೆ ನಿಂತು ನಿಂತು ಏರಿದಳು, ನಿಂತಲ್ಲೆಲ್ಲ ನನ್ನ ಬೈದಳು.

ಮೊದಲು ಹೊಸ ರಬ್ಬರಿಂದು, ಅಂಗಡಿಯದೇ ಡಬ್ಬಿ, ಸ್ಪೀಕರಿಗೆ ಜೋಡಿಸಿ. ನನಗೆ ಅದೇ ಪಸಂದ್ — ದಪ್ಪ, ಗಟ್ಟಿ, ಹತ್ತು ವರ್ಷ ಬಾಳೀತು. ನಾಗವ್ವ ಅಂಗೈ ಬಿಟ್ಟಳು. ಸಪ್ಪಳಿಲ್ಲ.

ಅಂಗಡಿಯವ ಹುರುಪಿನ ಮನುಷ್ಯ. "ಆಜೀ, ಜರಾ ಜೋರಾತ್ ಮಾರಾ ನಾ!"

ಇವಳು ಮರಾಠಿಯಲ್ಲೇ ಕೊಟ್ಟಳು: ಜೋರು ಇದ್ದಿದ್ದರೆ ನಿನ್ನ ಅಟ್ಟ ಯಾಕೆ ಏರುತ್ತಿದ್ದೆನೋ, ಮನೆಯಲ್ಲೇ ಇವರಿಗೆ ಎರಡು ಹಾಕುತ್ತಿದ್ದೆ. ಅವ ನಕ್ಕೇ ನಕ್ಕ. ಆಮೇಲೆ ಒಳಗಿಂದ ಇನ್ನೊಂದು ತಂದ.

ಬೆಳ್ಳಗೆ, ಚರ್ಮದ ಡೋಲಿನ ಹಾಗೆ ಬಿಗಿದದ್ದು. ಮುಟ್ಟಿದೆ. ಬಟ್ಟೆ! ಮೆಶ್ ಅಂತಾರಂತೆ. ಆಯುಷ್ಯವೆಲ್ಲ ಬಟ್ಟೆ ಅಂಗಡಿಯಲ್ಲಿ ಕಳೆದವ ನಾನು, ಇಂಥ ನೇಯ್ಗೆ ಕಂಡಿಲ್ಲ. ಎರಡು ಪದರು, ಎಳೆ ಎಳೆ ಬಿಡಿ, ಕಣ್ಣು ಕಣ್ಣು. ಬಾಯಿ ಹಚ್ಚಿ ಊದಿದೆ — ಆಚೆ ಕಡೆ ಕೈಗೆ ಗಾಳಿ ತಾಗಿತು. ಗಾಳಿ ತಡೆಯದ ಬಟ್ಟೆ ಏಟು ಹೆಂಗೆ ತಡೆದೀತು? "ಹರೀತದ ಇದು, ರಬ್ಬರಿಂದs ತಗೊಳ್ಳೂಣು," ಅಂದೆ.

"ಬಟ್ಟಿ ಮಾರೂದು ಬಿಟ್ಟು ಎಷ್ಟ ದಿನಾತು," ಅಂದಳು ನಾಗವ್ವ. "ಸರೀರಿ ಅತ್ಲಾಗ."

ಶೈಲಶ್ರೀಗೆ ಎಂಟು ಇಂಚಿಂದು ಸಾಕಿತ್ತು, ಒಯ್ಯಲಿಕ್ಕೆ ಸಲೀಸು. ನಾಗವ್ವನ ಮಣಿಕಟ್ಟು ಅದರ ಅಂಚಿಗೆ ಬಡಿಯಿತು. "ಇದು ಪೂರಿ ಅಳತಿ. ರೊಟ್ಟೀದು ಇಲ್ಲೇನು?"

ಹನ್ನೆರಡು ಇಂಚಿಂದು ಬಂತು. ಅಂಗಡಿಯವ ಸುತ್ತಲಿನ ಸ್ಕ್ರೂ ಕೀಲಿ ಹಾಕಿ ಬಿಗಿದ. ನಾನು ಮೆಟ್ಟಿಲಿನ ಬಾಗಿಲ ತನಕ ಸರಿದು ನಿಂತೆ. ಶೈಲಶ್ರೀ ಕೌಂಟರಿನಿಂದ ಕೈ ತೆಗೆದಳು. ಅವಳನ್ನ ನೋಡಿ ಅಂಗಡಿಯವನೂ ತೆಗೆದ, ಯಾಕೆ ಅಂತ ಗೊತ್ತಿಲ್ಲದೆ.

ನಾಗವ್ವನ ಅಂಗೈ ಎದ್ದಿತು. ನಡುಗಿತು. ಬಿತ್ತು.

ಬಡಿದಳು ಅನ್ನಲಿಕ್ಕೆ ಬರುವುದಿಲ್ಲ. ಹಿಟ್ಟಿನ ಮೇಲೆ ಅರಿವೆ ಬಿದ್ದಹಾಗೆ. ಕೈ ಬಿದ್ದ ಸಪ್ಪಳ ನಮಗ್ಯಾರಿಗೂ ಕೇಳಲಿಲ್ಲ. ಆದರೆ ಡಬ್ಬಿಯ ಗಾಜಿನಲ್ಲಿ ಒಂದು ಸಣ್ಣ ಗೆರೆ ಎದ್ದಿತು, ಸ್ಪೀಕರಿನಿಂದ — ಧಂ. ಮೆಲ್ಲಗೆ, ಎಲ್ಲೋ ದೂರದ ಗುಡಿಯಲ್ಲಿ ಆದಹಾಗೆ.

ನಾಗವ್ವ ಮೊದಲು ನನ್ನ ಕಾಲು ನೋಡಿದಳು. ಆಮೇಲೆ ಮುಖ. ನಾನು ತಲೆ ಅಲ್ಲಾಡಿಸಿದೆ — ನಾ ಅಲ್ಲ.

ಕೆಳಗೆ ರಸ್ತೆ ತುಂಬ ಹಾರ್ನು. ಆ ಕೈಯೊಳಗಿನ ಕಸುವನ್ನ ಡಾಕ್ಟರಮ್ಮ ಕಂಡಿರಲಿಲ್ಲ, ದಿನಾ ಎಣ್ಣೆ ತಿಕ್ಕುವ ನಾನೂ ಕಂಡಿರಲಿಲ್ಲ. ಒಂದು ತುಂಡು ಬಟ್ಟೆ ಕಂಡಿತು. ಏನು ಮನುಷ್ಯರಪ್ಪಾ ಇದನ್ನ ಮಾಡಿದವರು! ಎಲ್ಲಿದ್ದಾರೋ. ಅಲ್ಲಿಂದಲೇ ಕೈ ಮುಗಿದೆ.

"ಮತ್ತೊಮ್ಮೆ ಬಡಿ ಅವ್ವಾ," ಅಂದಳು ಶೈಲಶ್ರೀ.

"ಇಲ್ಲಿ ಬ್ಯಾಡ. ಮನ್ಯಾಗ."

26-6-2006, ಸೋಮವಾರ

ಕರೆಂಟಿಲ್ಲ. ಸಂಜೆ ತನಕ ಪ್ಯಾಡಿನ ಮುಂದೆ ಕೂತಿದ್ದಳು, ಕೈ ಅದರ ಮೇಲಿಟ್ಟುಕೊಂಡು. ಊಟಕ್ಕೂ ಏಳಲಿಲ್ಲ.

"ಇದು ಮ್ಯಾಲಕ್ಕ ಎತ್ತತದ್ರಿ."

"ಏನು?"

"ಕೈ. ನಾ ಬಿಟ್ಟಿದ್ದಷ್ಟ. ಬಟ್ಟಿ ತಾನs ತುಸು ಎತ್ತಿ ಕೊಡತದ."

ನಾನೂ ಅಂಗೈ ಬಿಟ್ಟು ನೋಡಿದೆ. ಹೌದು! ರಬ್ಬರಿನ ಮೇಲೆ ಬಿದ್ದ ಕೈ ಅಲ್ಲೇ ಬಿದ್ದಿರುತ್ತದೆ. ಇದು ಮಾತ್ರ ಏಳು, ಏಳು ಅಂತದೆ. ಮನೆಯಲ್ಲಿ ನಾವೆಲ್ಲ ಅಂದದ್ದೂ ಅದನ್ನೇ. ನಮ್ಮ ಮಾತು ಅವಳು ಕೇಳಲಿಲ್ಲ.

2-7-2006, ಭಾನುವಾರ. ಮಧ್ಯಾಹ್ನ

ನಮ್ಮಿಬ್ಬರನ್ನೂ ಹಾಲ್‌ನಿಂದ ಹೊರಗೆ ಹಾಕಿದಾಳೆ. ಯಾರೂ ನೋಡಬಾರದಂತೆ. ಅಡಿಗೆಮನೆಯಲ್ಲಿ ಕೂತು ಬರೀಲಿಕ್ಕೆ ಹತ್ತೀನಿ. ಶೈಲಶ್ರೀ ಪಲ್ಯಕ್ಕೆ ಬದನೆಕಾಯಿ ಹೆಚ್ಚುವವಳು ಈಳಿಗೆ ಬಿಟ್ಟು ಕೂತಾಳೆ.

ಧಂ.

ಭಾಳ ಹೊತ್ತು ಏನಿಲ್ಲ. ಮತ್ತೆ — ಧಂ. ಧಂ.

"ಅಪ್ಪಾ, ಎರಡು!"

"ಸುಮ್ಮನಿರು."

ಈಗ ಮುಂದಿನದು ತಡ ಆಗಲಿಕ್ಕೆ ಹತ್ತಿತು. ಒಳಗೆ ಸ್ಟೂಲು ಕಿರ್ರ್ ಅಂತು. ಬಿದ್ದಳೇನೋ... ಇಲ್ಲ. ಧಂ, ಧಂ — ನಡುವೆ ಬಿಡುವು — ಧಂ. ಈ ಬಿಡುವು ನನಗೆ ಗೊತ್ತು. ರೊಟ್ಟಿ ಬಡಿಯುವಾಗ ಅದನ್ನ ಅಂಗೈಲೆ ತಿರುಗಿಸಬೇಕಲ್ಲ, ಆ ಬಿಡುವು. ಇಲ್ಲಿ ಪ್ಯಾಡು ತಿರುಗಂಗಿಲ್ಲ. ಹಂಗಾದರೆ ಕೈಯೇ ಸುತ್ತ ಜರುಗುತ್ತಿರಬೇಕು. ತಾನಾಗಿ! ಯಾರೂ ಹಿಡಿಯದೆ!

ನಿಂತಿತು.

ಕೂಗಲಿಕ್ಕೆ ಹತ್ತಿದಾಳೆ. "ರೀ, ಬರ್ರಿ ಇಲ್ಲೆ, ಲಗೂನ ಬರ್ರಿ, ಬೆರಳ ನೋಡ್ರಿ, ಹೆಬ್ಬೆರಳ—"