ಚೌಕದ ನಿಜವಾದ ಎತ್ತರ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ಪಂಪ್‌ಹೌಸಿಗೆ ನೀರು ನುಗ್ಗಿದ್ದು ನಿನ್ನ ತಪ್ಪಿನಿಂದಲ್ಲ ಎಂದು ಇಂದು ಬೆಳಿಗ್ಗೆ ಖಚಿತವಾಯಿತು. ಪತ್ತೆ ಹಚ್ಚಿದವರು ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಹಿರಿಯರು. ತಪ್ಪು ನನ್ನದು. ಕುಶಲ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ನಿನ್ನ ಕೆಮ್ಮು ಹೇಗಿದೆ? ಚಿಕ್ಕಮ್ಮನ ಮನೆಯ ಮಹಡಿ ಕೋಣೆಯಲ್ಲಿ ಗಾಳಿ ಜಾಸ್ತಿ, ಕಿಟಕಿ ಮುಚ್ಚಿ ಮಲಗು.

ನೀನು ಬರೆದ ಪಂಪ್‌ಹೌಸಿನ ಕೊಳವೆ ಕವಾಟಗಳ ನಕ್ಷೆಯನ್ನು ಪಿಡಿಎಫ್ ಮಾಡುವ ಪ್ರೋಗ್ರಾಂ ನನ್ನದಲ್ಲವೇ? ನಕ್ಷೆಯಲ್ಲಿ ಸೂಚನೆ ಬರೆಯುವ ಚೌಕಕ್ಕೆ ನಾವು ಮೊದಲೇ ಕೊಟ್ಟ ಎತ್ತರ ಒಂದು. ಒಳಗಿನ ಬರಹ ಉದ್ದವಾದಾಗ ಪರದೆ ಅದನ್ನು ಹಿಗ್ಗಿಸಿ ತೋರಿಸುವ ಎತ್ತರ ಇನ್ನೊಂದು. ಪ್ರೋಗ್ರಾಂ ಓದಬೇಕಾದದ್ದು ಎರಡನೆಯದನ್ನು. ನಾನು ಮೊದಲನೆಯದನ್ನೇ ಓದಿಸಿದ್ದೆ. ಕಾಗದದಲ್ಲಿ ಚೌಕ ಗಿಡ್ಡವಾಗಿ, ‘ಹೊರಗಿನ ಕವಾಟ ತೆರೆದ ಮೇಲೆ ಮಾತ್ರ’ ಎಂಬ ಕೊನೆಯ ಸಾಲು ಕತ್ತರಿಸಿಹೋಯಿತು. ಪಂಪ್ ನೋಡಿಕೊಳ್ಳುವವರು ಗೋಡೆಗೆ ಅಂಟಿಸಿದ ಆ ಕಾಗದದಲ್ಲಿ ಕಂಡಷ್ಟನ್ನೇ ಮಾಡಿದರು; ಹೊರಗಿನ ಕವಾಟ ತೆರೆಯದೆ ಪಂಪ್ ಹಾಕಿದರು, ನೀರು ಒಳಗೆ ನುಗ್ಗಿತು. ಈ ವಾರ ಬೇರೊಬ್ಬರ ನಕ್ಷೆಯಲ್ಲೂ ಹಾಗೇ ಆದಾಗ ಹಿರಿಯರು ಕಾಗದವನ್ನು ಪರದೆಯ ಪಕ್ಕ ಹಿಡಿದು, “ಅಂಗಿ ಹೊಲಿಯೋಕೆ ಮೈಯಳತೆ ತಗೋಬೇಕು ಕಣಮ್ಮ, ಹಳೇ ಚೀಟಿ ನೋಡಿದ್ರೆ ಆಗುತ್ತಾ?” ಎಂದರು. ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ನೀರು ನುಗ್ಗಿದ ಮೇಲೆ ನಡೆದ ಸಭೆಯಲ್ಲಿ, ಆ ಸಾಲು ಬಿಟ್ಟವರು ಯಾರೆಂದು ಕೇಳಿದ ಮೇಲಧಿಕಾರಿಗೆ ನಾನು ಹೇಳಿದ್ದು ನಿನಗೆ ನೆನಪಿರುತ್ತದೆ: “ಅವನಿಗೆ ಯಾವಾಗ್ಲೂ ಅವಸರ ಸಾರ್, ಮನೇಲೂ ಹಾಗೇ.” ನೀನು ಚೀಲ ಎತ್ತಿಕೊಂಡು ಹೋದೆ, ಕೆಲಸವೂ ಹೋಯಿತು. ಅಮ್ಮ ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ. ಮೂರನೆಯ ದಿನ, “ಒಲೆ ಮುಂದಿನ ಮಾತು ಊರ ಮುಂದೆ ಆಡ್ತಾರೇನೇ?” ಎಂದು ಕೇಳಿ ತಟ್ಟೆ ಇಟ್ಟಳು.

ಪ್ರೋಗ್ರಾಂ ಸರಿ ಮಾಡಿದ್ದೇನೆ. ಈಗ ಪರದೆಯಲ್ಲಿ ಮೂಡಿದ ಅಳತೆಯೇ ಕಾಗದಕ್ಕೂ ಹೋಗುತ್ತದೆ. ನಿನ್ನ ನಕ್ಷೆಯನ್ನು ಒಂದು ಗೆರೆಯನ್ನೂ ಮುಟ್ಟದೆ ಮತ್ತೆ ಮುದ್ರಿಸಿದೆ; ಎಲ್ಲ ಸಾಲೂ ಬಂದವು.

ಅಮ್ಮನ ಆಶೀರ್ವಾದ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಅಕ್ಕ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಸಭೆಗೆ ಮುಂಚೆಯೇ ನಿನ್ನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದೆ. ಆ ಕೊನೆಯ ಸಾಲು ಪರದೆಯಲ್ಲಿ ಪೂರ್ತಿ ಇತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ. ಇದು ಹಿರಿಯರಿಗೂ ತಿಳಿಯದು, ಅಮ್ಮನಿಗೂ ತಿಳಿಯದು. ಅಮ್ಮನಿಗೆ ಈ ರಾತ್ರಿ ಹೇಳುತ್ತೇನೆ. ಕಚೇರಿಯಲ್ಲಿ ಹೇಳುವುದು ಸೋಮವಾರ ಹತ್ತು ಗಂಟೆಯ ಸಭೆಯಲ್ಲಿ.