ಪಾದ್ರಿಯ ದೋಣಿಯ ಪಂಪು

ಬರ್ಗೆನ್
೨೧ ಜುಲೈ ೧೯೮೩, ಗುರುವಾರ

ಪ್ರೀತಿಯ ಐವಿಂಡ್,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಿಮ್ಮ ಹಡಗು ಸಾಂತೋಸ್ ಬಂದರಿನಲ್ಲಿರುತ್ತದೆ ಎಂದು ಹಡಗು ಕಂಪನಿಯ ಕಚೇರಿಯವರು ಹೇಳಿದರು. ನಿನ್ನ ಸೊಂಟದ ನೋವು ಹೇಗಿದೆ? ಇಂಜಿನ್ ಕೋಣೆಯ ಸೆಖೆಯಲ್ಲಿ ಬೆವತು ಹಾಗೇ ಮೇಲೆ ಗಾಳಿಗೆ ಬಂದು ನಿಲ್ಲಬೇಡ ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ಕೇಳುವವನಲ್ಲ. ಊಟ ಸರಿಯಾಗಿದೆಯೇ? ಹೊಸ ಅಡುಗೆಯವನು ಎಲ್ಲಕ್ಕೂ ಬೆಳ್ಳುಳ್ಳಿ ಹಾಕುತ್ತಾನೆ ಎಂದು ಬರೆದಿದ್ದೆ. ಈಗ ಅಭ್ಯಾಸವಾಗಿರಬೇಕು. ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಕಡಿಮೆ. ಈ ಕಾಗದವನ್ನು ಆಸ್ಪತ್ರೆಯ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನಿನ್ನ ಅಮ್ಮನ ಜೀವಕ್ಕೆ ಏನೂ ಅಪಾಯವಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆನಲ್ಲ, ಇನ್ನು ಉಳಿದದ್ದನ್ನು ಸಾವಧಾನವಾಗಿ ಓದು.

ಅಮ್ಮನ ತಂಗಿ ಓಲ್ಗಾ ಚಿಕ್ಕಮ್ಮನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ವ್ಯಾನಿನಲ್ಲೇ ಹೋಗೋಣ ಎಂದು ಹಟ ಹಿಡಿದದ್ದು ಅಮ್ಮನೇ. ನೀನು ಇಲ್ಲದಾಗ ಆ ಹಳೆಯ ವ್ಯಾನನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯುವುದೇ ನನಗೆ ಇಷ್ಟವಿರಲಿಲ್ಲ. ಆದರೆ ಅಮ್ಮ ಹಿಂದಿನ ದಿನವೇ ಬಂದು ಅದರೊಳಗಿನ ಹಾಸಿಗೆಗೆ ಹೊಸ ಚಾದರ ಹಾಕಿ, ಕಾಫಿ ಕೆಟಲಿಗೆ ಜಾಗ ಮಾಡಿ, ಕಂದು ಗಿಣ್ಣಿನ ದೊಡ್ಡ ತುಂಡೊಂದನ್ನು ಕಪಾಟಿನಲ್ಲಿಟ್ಟಾಗಿತ್ತು. ದಾರಿಯುದ್ದಕ್ಕೂ ನನ್ನ ಡ್ರೈವಿಂಗಿನ ಮೇಲೆ ಟೀಕೆ. "ನೀನು ಓಡಿಸೋದು ಗಬ್ಬದ ಹಸು ಇಳಿಜಾರು ಇಳಿದ ಹಾಗಿದೆ ಸುನ್ನಿವಾ" ಎಂದರು. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಹುಟ್ಟುಹಬ್ಬವೂ ಚೆನ್ನಾಗಿಯೇ ಆಯಿತು, ಅಕ್ಕತಂಗಿಯರು ಜಗಳವಾಡಿದ್ದು ಒಂದೇ ಒಂದು ಸಲ. ತೊಂದರೆ ಶುರುವಾದದ್ದು ವಾಪಸು ಬರುವಾಗ. ಏರು ಸಿಕ್ಕಿದ ಕಡೆಯೆಲ್ಲ ಇಂಜಿನ್ ಕೆಮ್ಮುತ್ತಿತ್ತು, ಕಾಲು ಒತ್ತಿದಷ್ಟೂ ಸೊರಗುತ್ತಿತ್ತು, ಕೊನೆಗೆ ನಿಂತೇಬಿಡುತ್ತಿತ್ತು. ಸ್ವಲ್ಪ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಹೆಲ್ಲೆವಿಕ್ ಎಂಬ ಸಣ್ಣ ಊರಿನ ತನಕ ಹೀಗೇ ಬಂದೆವು. ಅಲ್ಲಿಯ ಗ್ಯಾರೇಜಿನವನು ಪೆಟ್ರೋಲಿನ ನಳಿಕೆ ಕಳಚಿ, ನನಗೆ ಕೀಲಿ ತಿರುಗಿಸಲು ಹೇಳಿ ನೋಡಿದ. ಚಿಮ್ಮಬೇಕಾದ ಪೆಟ್ರೋಲು ಮುದುಕನ ಜೊಲ್ಲಿನ ಹಾಗೆ ತೊಟ್ಟಿಕ್ಕಿತು. "ಪಂಪಿನೊಳಗಿನ ರಬ್ಬರ್ ಪೊರೆ ಹೋಗಿದೆ. ಸಮತಟ್ಟಿನಲ್ಲಿ ಹೇಗೋ ಓಡುತ್ತೆ, ಬೆಟ್ಟ ಹತ್ತಲ್ಲ. ಹೊಸದು ಓಸ್ಲೋದಿಂದ ಬರಬೇಕು" ಎಂದ. ಅಲ್ಲಿಗೆ ಫೋನ್ ಮಾಡಿ ಅದನ್ನು ಬಸ್ಸಿಗೆ ಹಾಕಿ ಕಳಿಸಲು ಹೇಳಿ, ಮರುದಿನದಿಂದ ತನ್ನ ಬೇಸಿಗೆ ರಜೆ ಎಂದು ಬೀಗ ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಡೆನ್ಮಾರ್ಕಿಗೆ ಹೊರಟೇ ಹೋದ. ಪಂಪು ಬಂದ ಮೇಲೆ ಅದನ್ನು ಹಾಕುವವರು ಯಾರು ಎಂದು ಕೇಳಿದ್ದಕ್ಕೆ, ನಿಮ್ಮ ಗಂಡ ಹಡಗಿನ ಇಂಜಿನಿಯರ್ ಅಂತೀರಿ, ಸ್ವಲ್ಪವಾದರೂ ಕಲಿಸಿರಬೇಕಲ್ಲ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸರಿ, ಪಂಪು ಬರುವ ತನಕ ಊರ ಮುಂದೆ ಒಳಚಾಚಿದ ಕಡಲಿನ, ಆ ಫ್ಯೋರ್ಡಿನ ದಡದಲ್ಲೇ ಇರೋಣ, ಅವಸರವೇನು ಎಂದುಕೊಂಡೆವು. ಶನಿವಾರ ಬೆಳಿಗ್ಗೆ ನಾನು ಕಾಫಿ ಬಸಿಯುತ್ತಿದ್ದಾಗ ಅಮ್ಮ ಕೈಯನ್ನು ಮುಖದ ಮುಂದೆ ಆಡಿಸುತ್ತಿದ್ದರು, ನೊಣ ಓಡಿಸುವವರ ಹಾಗೆ. ನೊಣ ಇರಲಿಲ್ಲ. "ಏನಮ್ಮಾ" ಎಂದೆ. "ಏನಿಲ್ಲ, ಬಲಗಣ್ಣಿನ ಮೂಲೇಲಿ ಒಂದು ಕಾಗೆ ರೆಕ್ಕೆ ಬಿಚ್ಚಿಕೊಂಡು ಕೂತಿದೆ" ಎಂದರು. ಹಿಂದಿನ ಸಂಜೆಯಿಂದಲೇ ಕಣ್ಣಿನೊಳಗೆ ಮಸಿ ಉದುರಿದಂತಾಗುತ್ತಿತ್ತಂತೆ, ಮಿಂಚು ಹೊಡೆಯುತ್ತಿತ್ತಂತೆ. ಹೇಳಲೇ ಇಲ್ಲ. "ಹೇಳಿದ್ದರೆ ನೀನು ನಿದ್ದೆ ಮಾಡ್ತಿರಲಿಲ್ಲ" ಎಂಬುದು ಅವರ ಸಮಜಾಯಿಷಿ. ಅವರನ್ನು ನಡೆಸಿಕೊಂಡು ಊರಿನ ದವಾಖಾನೆಗೆ ಹೋದೆ. ಡಾಕ್ಟರು ನನಗಿಂತ ಚಿಕ್ಕವಳು. ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಬಾಗಿಲು ಹಾಕಿಕೊಂಡು ಬರ್ಗೆನ್ನಿಗೆ ಫೋನ್ ಮಾಡಿದಳು. ಬಾಗಿಲು ಹಾಕಿಕೊಂಡಳಲ್ಲ, ಆಗಲೇ ಇದು ಸಣ್ಣದಲ್ಲ ಎಂದು ತಿಳಿಯಿತು. ಕಣ್ಣಿನ ಹಿಂಬದಿಯ ಪೊರೆ ಗೋಡೆಯ ಕಾಗದದ ಹಾಗೆ ಕಿತ್ತುಬರುತ್ತಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ಅದೂ ಬಿಟ್ಟರೆ ಆ ಕಣ್ಣು ಹೋದ ಹಾಗೆಯೇ ಎಂದಳು. ಬರ್ಗೆನ್ನಿಗೆ ಹೋಗಿ ಇವತ್ತೇ ಶಸ್ತ್ರಚಿಕಿತ್ಸೆಯಾಗಬೇಕು, ಅಲ್ಲಿಯ ತನಕ ಅಂಗಾತ ಮಲಗಿರಬೇಕು, ಕುಲುಕಾಟ ಕೂಡದು. ಆಂಬುಲೆನ್ಸು ಹೆರಿಗೆ ನೋವಿನವಳೊಬ್ಬಳನ್ನು ಕರೆದುಕೊಂಡು ಹೋಗಿತ್ತು, ಸಂಜೆಯವರೆಗೆ ವಾಪಸಿಲ್ಲ. ಊರಿನ ಟ್ಯಾಕ್ಸಿಯಲ್ಲಿ ಕಾಲು ಚಾಚಲೂ ಜಾಗವಿಲ್ಲ. "ನಿಮ್ಮ ವ್ಯಾನಿನಲ್ಲಿ ಮಂಚ ಇದೆಯಾ" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ "ಇದೆ, ಹಾಸಿಗೆಯೂ ಮೆತ್ತಗಿದೆ" ಎಂದುಬಿಟ್ಟರು. ಹೊರಗೆ ಬಂದ ಮೇಲೆ, ಪಂಪು ಕೆಟ್ಟಿರುವುದು ಗೊತ್ತಿದ್ದೂ ಯಾಕೆ ಹಾಗೆ ಹೇಳಿದಿರಿ ಎಂದರೆ, "ಸಂಜೇವರೆಗೆ ಆ ಬಿಳಿ ಕೋಣೇಲಿ ಬಿದ್ದುಕೊಂಡು ಕಾಗೆ ರೆಕ್ಕೆ ಬೆಳೆಯೋದನ್ನ ನೋಡ್ತಾ ಇರಲಾ?" ಎಂದರು. ಆಗ ಮೊದಲ ಸಲ ಅವರ ದನಿ ನಡುಗಿದ್ದನ್ನು ಕೇಳಿದೆ.

ವ್ಯಾನನ್ನು ದವಾಖಾನೆಯ ಬಾಗಿಲಿಗೇ ತಂದು, ಅಮ್ಮನನ್ನು ಒಳಗೆ ಅಂಗಾತ ಮಲಗಿಸಿ ಹೊರಟೆವು. ಊರು ದಾಟುವ ಮುಂಚೆ, ಇಗರ್ಜಿಯ ಪಕ್ಕದ ಸಣ್ಣ ಏರಿನಲ್ಲೇ ಇಂಜಿನ್ ನಿಂತಿತು. ಮುಂದೆ ಇಡೀ ಬೆಟ್ಟ ಕಾಣುತ್ತಿತ್ತು ಐವಿಂಡ್, ಹಾವಿನ ಹಾಗೆ ಸುತ್ತಿಕೊಂಡು ಹತ್ತುವ ರಸ್ತೆ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತೆ. ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದ ಒಬ್ಬರು ಕುಡುಗೋಲು ಹಿಡಿದೇ ಹತ್ತಿರ ಬಂದರು. ಸಿವರ್ಟ್ ಎಂದು ಹೆಸರು, ಆ ಊರಿನ ಪಾದ್ರಿ. ನಾನು ತೊದಲುತ್ತ ಎಲ್ಲ ಹೇಳಿದೆ. ಒಳಗಿನಿಂದ ಅಮ್ಮ, "ಯಾರ ಜೊತೆ ಮಾತಾಡ್ತಿದ್ದೀಯಾ?" ಎಂದರು. ಪಾದ್ರಿಗಳು ಎಂದೆ. "ಇಷ್ಟು ಬೇಗ ಯಾಕೆ ಕರೆಸಿದೆ, ಹೋಗಿರೋದು ಕಣ್ಣು ಕಣೇ" ಎಂದರು. ಪಾದ್ರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದಡದಲ್ಲಿ ಕಟ್ಟಿದ್ದ ತಮ್ಮ ದೋಣಿಯ ಕಡೆ ನೋಡುತ್ತ, "ಅದಕ್ಕೂ ಪೆಟ್ರೋಲ್ ಇಂಜಿನ್ನೇ. ಅದರ ಪಂಪು ಬ್ಯಾಟರಿ ಮೇಲೆ ನಡೆಯುತ್ತೆ, ಎಲ್ಲಿ ಬೇಕಾದರೂ ಕೂರಿಸಬಹುದು. ಬನ್ನಿ" ಎಂದರು. ನಿಮಗೆ ದೋಣಿ ಬೇಡವೇ ಎಂದು ಕೇಳಿದೆ. ನಾಳೆ ಎದುರಿನ ದ್ವೀಪದಲ್ಲಿ ಒಂದು ಮಗುವಿಗೆ ದೀಕ್ಷಾಸ್ನಾನ ಮಾಡಿಸಬೇಕು, ಹುಟ್ಟು ಹಾಕಿಕೊಂಡು ಹೋದರಾಯಿತು ಎಂದರು. ಆ ದ್ವೀಪ ಎಲ್ಲಿದೆ ಎಂದು ನೋಡಿದೆ. ಹತ್ತಿರ ಇರಲಿಲ್ಲ. ಆದರೂ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೆಲಸ ಹೇಗೆ ಮಾಡಿದೆವು ಎಂದು ನೀನು ಕೇಳಿಯೇ ಕೇಳುತ್ತೀ. ಹಳೆಯ ಪಂಪನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ, ಅದರ ಎರಡೂ ನಳಿಕೆಗಳನ್ನು ಕಳಚಿ ಅದನ್ನು ಪಕ್ಕಕ್ಕೆ ಬಿಟ್ಟೆವು. ದೋಣಿಯ ಪಂಪನ್ನು ವ್ಯಾನಿನ ಅಡಿಯಲ್ಲಿ, ಪೆಟ್ರೋಲ್ ಟ್ಯಾಂಕಿನ ಹತ್ತಿರದ ಕಬ್ಬಿಣದ ಪಟ್ಟಿಗೆ ಬಿಗಿದೆವು. ನಾನು ನೆಲಕ್ಕೆ ಬೆನ್ನು ಹಚ್ಚಿ ಮಲಗಿದ್ದೆ, ಹುಟ್ಟುಹಬ್ಬಕ್ಕೆ ಹೊಲಿಸಿದ್ದ ಲಂಗದಲ್ಲೇ. ಪೆಟ್ರೋಲು ತೋಳಿನೊಳಗೆ ಇಳಿದು ಕಂಕುಳು ಉರಿಯಿತು. ತಂತಿ ಸಾಲಲಿಲ್ಲವೆಂದು ಪಾದ್ರಿ ತಮ್ಮ ಮನೆಯ ಬಾಗಿಲ ಗಂಟೆಯ ತಂತಿಯನ್ನೇ ಕಿತ್ತು ತಂದರು. ಒಂದು ಕಿಡಿ ಹಾರಿದರೆ ಒಳಗೆ ಮಲಗಿರುವವರು ಏಳಲೂ ಆಗದವರು ಎಂಬುದೊಂದೇ ತಲೆಯಲ್ಲಿತ್ತು. ಚೆಲ್ಲಿದ್ದನ್ನೆಲ್ಲ ಒರೆಸಿ, ಗಾಳಿಯಾಡಲು ಬಾಗಿಲು ತೆರೆದಿಟ್ಟು, ಬ್ಯಾಟರಿಯ ತಂತಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿದೆವು. ಕೀಲಿ ತಿರುಗಿಸಿದೆ. ಏನೂ ಇಲ್ಲ, ಒಂದು ಸದ್ದೂ ಇಲ್ಲ. ಪಾದ್ರಿ, "ದೋಣೀಲಿ ಚೆನ್ನಾಗೇ ಇತ್ತಲ್ಲ, ನಿನ್ನೆ ತಾನೇ ಓಡಿಸಿದ್ದೆ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಅಮ್ಮ ಒಳಗಿನಿಂದ ಮೆಲ್ಲಗೆ, "ಸುನ್ನಿವಾ, ರೆಕ್ಕೆ ಮೂಗಿನ ಹತ್ತಿರ ಬಂತು" ಎಂದರು, ಹವಾಮಾನ ಹೇಳಿದ ಹಾಗೆ.

ಆಗ ನೀನು ನೆನಪಾದೆ. ಕೊಟ್ಟಿಗೆಯ ದೀಪ ಹತ್ತದೆ ಇದ್ದಾಗ ನೀನು ಗೊಣಗಿದ್ದೆಯಲ್ಲ, ಬಣ್ಣದ ಮೇಲೆ ಕರೆಂಟು ಹರಿಯಲ್ಲ ಮಾರಾಯ್ತಿ, ಬರೀ ಕಬ್ಬಿಣ ಬೇಕು ಎಂದು. ಮತ್ತೆ ಅಡಿಗೆ ನುಗ್ಗಿದೆ. ಪಂಪು ಕೂತಿದ್ದ ಪಟ್ಟಿಯ ಮೇಲೆ ದಪ್ಪ ಕರಿಬಣ್ಣ. ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಕಬ್ಬಿಣ ಹೊಳೆಯುವ ತನಕ ಕೆರೆದೆ, ಮತ್ತೆ ಬಿಗಿದೆ. ಪಾದ್ರಿ ಕೀಲಿ ತಿರುಗಿಸಿದರು. ನನ್ನ ಕಿವಿಯ ಪಕ್ಕದಲ್ಲೇ ಪಂಪು ಟಕಟಕ ಎಂದು ಬಡಿದುಕೊಂಡಿತು, ಆಮೇಲೆ ನಳಿಕೆ ತುಂಬಿ ನಿಧಾನವಾಯಿತು. ನಾನು ಅಲ್ಲೇ ಮಲಗಿ ಅತ್ತುಬಿಟ್ಟೆ. ಯಾರಿಗೂ ಕಾಣಿಸಲಿಲ್ಲ. ಪಾದ್ರಿ ಆಶೀರ್ವಾದ ಮಾಡಲು ಬಂದಾಗ ಅಮ್ಮ, "ಅದನ್ನ ಪಂಪಿಗೆ ಮಾಡಿ" ಎಂದರು. ಅವರು ಹಾಗೆಯೇ ಬಗ್ಗಿ ಪಂಪಿಗೆ ಮಾಡಿದರು.

ಆ ಬೆಟ್ಟದ ದಾರಿಯನ್ನು ಎಂದೂ ಮರೆಯಲಾರೆ. ಪೆಟ್ರೋಲಿನ ವಾಸನೆ ಬಂದಂತೆ ಅನಿಸಿದಾಗಲೆಲ್ಲ ನಿಲ್ಲಿಸಿ ಅಡಿಗೆ ಬಗ್ಗಿ ನೋಡುತ್ತಿದ್ದೆ. ಪ್ರತಿ ತಿರುವಿನಲ್ಲೂ ಇಂಜಿನ್ ಕೆಮ್ಮೀತೆಂದು ಕಾಯುತ್ತಿದ್ದೆ. ಕೆಮ್ಮಲಿಲ್ಲ. ಹಿಂದೆ ಬಂದ ಕಾರುಗಳು ಹಾರ್ನು ಹೊಡೆದವು, ನಾನು ಗಬ್ಬದ ಹಸುವಿಗಿಂತ ನಿಧಾನವಾಗಿ ಹೋಗುತ್ತಿದ್ದೆ, ಆದರೆ ಆ ದಿನ ಅಮ್ಮ ಏನೂ ಅನ್ನಲಿಲ್ಲ. ಎರಡೂ ಕಣ್ಣು ಮುಚ್ಚಿಕೊಂಡು ಮಲಗಿದ್ದವರು, "ಏನು ಕಾಣ್ತಿದೆ, ಹೇಳು" ಎಂದರು. ಹೇಳುತ್ತ ಹೋದೆ. ತುದಿಯಲ್ಲಿ ಇನ್ನೂ ಕರಗದ ಹಿಮ ಇದೆ, ರಸ್ತೆ ನಡುವೆ ಆಡುಗಳು ಮಲಗಿವೆ, ಒಂದು ಏಳುತ್ತಲೇ ಇಲ್ಲ, ನಮ್ಮನ್ನೇ ನೋಡುತ್ತಿದೆ. "ಬಣ್ಣ?" ಎಂದರು. ಬಿಳಿ, ಒಂದು ಕಿವಿ ಮಾತ್ರ ಕಂದು ಎಂದೆ. ಅವರಿಗೆ ಅಷ್ಟು ಸಾಕಾಗಲಿಲ್ಲ, ಕೊಂಬು ಹೇಗಿದೆ ಎಂದು ಕೇಳಿದರು. ಬರ್ಗೆನ್ ತಲುಪುವ ತನಕ ಹೀಗೆ ಹೇಳುತ್ತಲೇ ಬಂದೆ. ಗಂಟಲು ಒಣಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೋಗುವಾಗ ನನ್ನ ಕೈ ಹಿಡಿದು ಮೂಸಿ, "ಥೂ, ಗ್ಯಾರೇಜಿನವಳ ಹಾಗೆ ನಾರ್ತಿದ್ದೀಯಾ" ಎಂದರು. ಕೈ ಮಾತ್ರ ಬಿಡಲಿಲ್ಲ, ನರ್ಸೇ ಬಿಡಿಸಬೇಕಾಯಿತು.

ಶಸ್ತ್ರಚಿಕಿತ್ಸೆ ಅಂದೇ ಆಯಿತು. ಪೊರೆಯನ್ನು ಮತ್ತೆ ಕೂರಿಸಿದ್ದಾರಂತೆ. ನಡುಭಾಗ ಉಳಿದಿದೆಯೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆಯೇ ತಿಳಿಯುವುದು ಎನ್ನುತ್ತಾರೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟಿದ್ದಾರೆ. ಅಮ್ಮನಂಥವರನ್ನು ಅಲುಗಾಡದೆ ಮಲಗಿಸುವುದೆಂದರೆ ಏನು ಎಂದು ನಿನಗೆ ಗೊತ್ತು. ಮೀನಿನ ಸೂಪನ್ನು ನಾನೇ ಚಮಚದಲ್ಲಿ ಕುಡಿಸುತ್ತೇನೆ. ಉಪ್ಪಿಲ್ಲ ಎಂದು ಬೈಯುತ್ತಾರೆ. ಬೈದಷ್ಟೂ ನನಗೆ ಧೈರ್ಯ. ಸುಮ್ಮನಿದ್ದಾಗಲೇ ಭಯ. ನಿನ್ನೆ ಮಧ್ಯಾಹ್ನ ಬಹಳ ಹೊತ್ತು ಸುಮ್ಮನಿದ್ದರು, ಎಷ್ಟೆಂದರೆ ನಾನು ಎರಡು ಸಲ ಉಸಿರು ನೋಡಿದೆ. ಪಾದ್ರಿ ಸಿವರ್ಟರಿಗೆ ಫೋನ್ ಮಾಡಿದ್ದೆ. ಹುಟ್ಟು ಹಾಕಿಕೊಂಡು ಹೋದರಂತೆ, ತಡವಾಯಿತಂತೆ, ಅಷ್ಟರಲ್ಲಿ ಮಗು ಅತ್ತು ಅತ್ತು ನಿದ್ದೆ ಹೋಗಿದ್ದರಿಂದ ತಲೆಗೆ ನೀರು ಹಾಕಿದ್ದೇ ಗೊತ್ತಾಗಲಿಲ್ಲವಂತೆ. ಅಂಗೈ ತುಂಬ ಬೊಬ್ಬೆ. ವಾಪಸು ಬರುವಾಗ ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರಂತೆ. ಹೊಸ ಪಂಪು ಹೆಲ್ಲೆವಿಕ್ಕಿಗೆ ಬಂದಿದೆ. ಅದನ್ನು ಹಾಕಿಸಿ, ಇದನ್ನು ಬಿಚ್ಚಿ, ನಾನೇ ಹೋಗಿ ಅವರ ದೋಣಿಗೆ ಕೂರಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಬಾಗಿಲ ಗಂಟೆಯ ತಂತಿಯನ್ನೂ.

ಓಲ್ಗಾ ಚಿಕ್ಕಮ್ಮ ನಿನ್ನನ್ನು ಕೇಳಿದ್ದಾರೆ. ಹಡಗಿನ ಗೆಳೆಯರಿಗೆಲ್ಲ ನನ್ನ ನೆನಪು ತಿಳಿಸು. ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟಿಕೋ, ಸೆಖೆಯಿದ್ದರೂ ಕಟ್ಟಿಕೋ. ಸಮುದ್ರ ನಿನ್ನನ್ನು ಮೆತ್ತಗೆ ನಡೆಸಿಕೊಳ್ಳಲಿ.

ನಿನ್ನ
ಸುನ್ನಿವಾ

ತಾ.ಕ.: ಲಕೋಟೆ ಅಂಟಿಸುವಾಗಲೇ ಇಲ್ಲಿಯ ಡಾಕ್ಟರು ಬಂದು ಪಟ್ಟಿ ಬಿಚ್ಚಿದರು, ಅಂಚೆಗೆ ಹೊತ್ತಾಗುತ್ತಿದೆ, ಬೇಗ ಬರೆಯುತ್ತೇನೆ. ಬಲಗಣ್ಣಿಗೆ ಬೆಳಕು ಕಾಣುತ್ತಿದೆ, ಡಾಕ್ಟರು ತೋರಿಸಿದ ಬೆರಳುಗಳನ್ನು ಅಮ್ಮ ಎಣಿಸಿದರು, ಸರಿಯಾಗಿಯೇ ಎಣಿಸಿದರು. ಮಂಜು ಇದೆಯಂತೆ, ನಿಧಾನವಾಗಿ ತಿಳಿಯಾಗುತ್ತದಂತೆ. ಆದರೆ ಎಡಗಣ್ಣಿನ ಪೊರೆಯೂ ಅಲ್ಲಲ್ಲಿ ತೆಳುವಾಗಿದೆ, ಅದು ಯಾವಾಗ ಏನಾಗುವುದೋ ಹೇಳಲು ಬರುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಮ್ಮನಿಗೆ ಅದು ಹೇಗೋ ಗೊತ್ತಾಗಿದೆ. ನಾನು ಒಳಗೆ ಬಂದ ಕೂಡಲೇ, "ಐವಿಂಡ್‌ಗೆ ಇದನ್ನೆಲ್ಲ ಬರೀಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ" ಎಂದರು. ಆಯಿತು ಎಂದೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು, "ಬರ್ತಾನೆ ಅಲ್ವಾ?" ಎಂದು ಕೇಳಿದರು. ಬರ್ತಾನೆ ಅಂದೆ, ಐವಿಂಡ್. ನನ್ನ ಮಾತು ಸುಳ್ಳು ಮಾಡಬೇಡ.